ಗನ್ನಿನ ವೇಗ ನೋಡಿದಿರಿ, ಗುಂಡಿನ ತೂಕ ಬಿಟ್ಟಿರಿ

ಸಂಪಾದಕರಿಗೆ,

ಒಬ್ಬ ಸೈನಿಕ ಹೊತ್ತೊಯ್ಯಬಲ್ಲ ಲೈಟ್ ಮೆಷಿನ್ ಗನ್‌ಗಳ (ಎಲ್‌ಎಂಜಿ) ಇತಿಹಾಸದ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಜಾಗ ಕೊಟ್ಟಿದ್ದು ಖುಷಿ. ಆದರೆ ನಿಮಿಷಕ್ಕೆ ಎಷ್ಟು ಗುಂಡು ಹಾರುತ್ತದೆ ಎಂಬ ಒಂದೇ ಅಳತೆಯಲ್ಲಿ ಎಲ್ಲ ಗನ್‌ಗಳನ್ನೂ ತೂಗಿದ್ದು ಸರಿ ಕಾಣಲಿಲ್ಲ. ಆ ಲೆಕ್ಕದಲ್ಲಿ ಜರ್ಮನಿಯ ಎಂಜಿ 42 ಗೆಲ್ಲುತ್ತದೆ, ನಿಜ. ನಿಮಿಷಕ್ಕೆ ಸುಮಾರು 1200 ಗುಂಡು! ಆದರೆ ಅದರ 7.92 ಎಂಎಂ ಗುಂಡು, ಮದ್ದು-ಕೊಳವೆ ಸೇರಿ, ಒಂದೊಂದೂ 25 ಗ್ರಾಂ ಮೀರುತ್ತದೆ. ಒಂದೇ ನಿಮಿಷ ಬಿಡದೆ ಹಾರಿಸಿದರೆ 30 ಕೆಜಿ ಖಾಲಿ. ಅದನ್ನು ಹೊತ್ತು ತರುವವರು ಯಾರು? ಜರ್ಮನ್ ತುಕಡಿಯಲ್ಲಿ ಗನ್ ಹಿಡಿದವನ ಜೊತೆಗಾರರು ಗುಂಡಿನ ಬೆಲ್ಟ್, ಡಬ್ಬಿ ಹೊತ್ತು ಓಡಬೇಕಿತ್ತು. ಬ್ರಿಟಿಷರ ಬ್ರೆನ್ ನಿಮಿಷಕ್ಕೆ 500ರ ಆಸುಪಾಸು ಅಷ್ಟೇ. ಆದರೂ ಗುಂಡು ತುಂಬಿದ ಡಬ್ಬಿಗಳಾದ ಅದರ ಮ್ಯಾಗಜೀನ್‌ಗಳನ್ನು ಸಣ್ಣ ತುಕಡಿಯ ರೈಫಲ್‌ಧಾರಿಗಳೆಲ್ಲ ಹಂಚಿಕೊಂಡು ಹೊರಬೇಕಾಗಿತ್ತು. ಎಲ್‌ಎಂಜಿಯ ಕಥೆ ಇರುವುದೇ ಇಲ್ಲಿ. ಗುಂಡು ಯಾವುದು ಎಂದು ಮೊದಲು ತೀರ್ಮಾನವಾಗುತ್ತದೆ. ಗನ್ ಅದಕ್ಕೆ ತಕ್ಕಂತೆ ಬರುತ್ತದೆ.

ಬ್ರೆನ್ನನ್ನೇ ನೋಡಿ. ಅದರ ಮೂಲ ಝೆಕೊಸ್ಲೊವಾಕಿಯದ ಝಡ್‌ಬಿ 26. ಅದೂ ಜರ್ಮನ್ನರ 7.92 ಮೌಸರ್ ಗುಂಡಿನದೇ, ನೇರ ಮ್ಯಾಗಜೀನ್. ಬ್ರಿಟಿಷರಿಗೆ ಗನ್ ಇಷ್ಟವಾಯಿತು. ಆದರೆ ಅವರ ಬಳಿ ಇದ್ದದ್ದು ತ್ರೀ ನಾಟ್ ತ್ರೀ, ಅಂದರೆ .303 ಇಂಚಿನ ಗುಂಡು. ಆ ಗುಂಡಿನ ಬುಡದಲ್ಲಿ ಅಂಚು ಹೊರಚಾಚಿರುತ್ತದೆ. ಒಂದರ ಮೇಲೊಂದು ಜೋಡಿಸಿದರೆ ಸಾಲು ತಾನಾಗಿಯೇ ಬಾಗುತ್ತದೆ. ಬ್ರೆನ್ನಿನ ಆ ಬಾಗಿದ ಮ್ಯಾಗಜೀನ್ ಅಂದಕ್ಕೆ ಮಾಡಿದ್ದಲ್ಲ, ಗುಂಡು ಮಾಡಿಸಿದ್ದು. ಅಂಚು ಒಂದಕ್ಕೊಂದು ಸಿಕ್ಕಿಕೊಳ್ಳದಂತೆ ತುಂಬಲೂ ಅಭ್ಯಾಸ ಬೇಕು. 30 ಹಿಡಿಯುವ ಜಾಗದಲ್ಲಿ ಒಂದೆರಡು ಕಡಿಮೆಯೇ ತುಂಬುತ್ತಿದ್ದರು. ಅಂಚಿಲ್ಲದ ಗುಂಡಿಗೆ ಬದಲಾಗುವ ಯೋಚನೆ ಬ್ರಿಟಿಷರಿಗೂ ಇತ್ತು. ಆದರೆ ಹಳೆಯ ದಾಸ್ತಾನು ರಾಶಿ ಬಿದ್ದಿತ್ತು, ಯುದ್ಧ ಹೊಸ್ತಿಲಿಗೆ ಬಂದಿತ್ತು. ಇದೇ ಅವಸರದ ಇನ್ನೊಂದು ಫಲ ನನಗೆ ಯಾವಾಗಲೂ ನಗು ತರಿಸುತ್ತದೆ. ಟ್ಯಾಂಕ್‌ಗಳಿಗೆಂದು ತೆಗೆದುಕೊಂಡ ಬೆಸಾ ಮೆಷಿನ್ ಗನ್ನೂ ಝೆಕ್ ಮೂಲದ್ದೇ. ಅದನ್ನು ತ್ರೀ ನಾಟ್ ತ್ರೀಗೆ ಬದಲಾಯಿಸಲು ಹೋಗದೆ 7.92ರಲ್ಲೇ ಉಳಿಸಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಟ್ಯಾಂಕ್‌ಗಳು ಜರ್ಮನ್ನರ ಮೇಲೆ ಹಾರಿಸಿದ್ದು ಜರ್ಮನ್ನರದೇ ಅಳತೆಯ ಗುಂಡು!

ರೈಫಲಿಗೂ ಎಲ್‌ಎಂಜಿಗೂ ಒಂದೇ ಗುಂಡು ಇರಬೇಕು ಎಂಬುದು ಹಳೆಯ ಆಸೆ. ಜಪಾನಿನವರು 1922ರ ಟೈಪ್ 11ರಲ್ಲಿ ಇನ್ನೂ ಮುಂದೆ ಹೋದರು. ರೈಫಲಿನ ಐದೈದು ಗುಂಡಿನ ಕ್ಲಿಪ್‌ಗಳನ್ನೇ ಗನ್ನಿನ ಪಕ್ಕದ ಪೆಟ್ಟಿಗೆಗೆ ಹಾಕಿದರೆ ಸಾಕು, ಬೇರೆ ಮ್ಯಾಗಜೀನ್ ಬೇಡ. ಕೇಳಲು ಎಷ್ಟು ಚೆಂದ ಅಲ್ವಾ? ಆದರೆ ರೈಫಲಿನ ಗುಂಡಿನ ಒತ್ತಡ ಆ ಗನ್ನಿಗೆ ಜಾಸ್ತಿಯಾಯಿತು. ಗುಂಡಿಗೆ ಎಣ್ಣೆ ಸವರಬೇಕು, ಆ ಎಣ್ಣೆಗೆ ಧೂಳು ಅಂಟುತ್ತದೆ, ಗನ್ ನಿಲ್ಲುತ್ತದೆ. ಕೊನೆಗೆ ಕಡಿಮೆ ಮದ್ದು ತುಂಬಿದ ಗುಂಡನ್ನು ಇದಕ್ಕಾಗಿಯೇ ಬೇರೆ ಮಾಡಿದರು. ಒಂದೇ ಗುಂಡು ಎಂಬ ಮಾತು ಅಲ್ಲಿಗೆ ಮುಗಿಯಿತು.

ಯುದ್ಧದ ನಂತರ ಬ್ರಿಟಿಷರು ಮಧ್ಯದ ದಾರಿ ಹುಡುಕಿದರು. ಸುಮಾರು 7 ಎಂಎಂ ಅಗಲದ, ಹೆಚ್ಚು ಒದೆಯದ ಪಾಯಿಂಟ್ 280 ಗುಂಡು. ಅದಕ್ಕೆ ರೈಫಲ್ ಮಾಡಿದರು, ಮೆಷಿನ್ ಗನ್ನೂ ಮಾಡಿದರು. ಅಮೆರಿಕ ಒಪ್ಪಲಿಲ್ಲ. 1950ರ ದಶಕದಲ್ಲಿ ನೇಟೊ ತೆಗೆದುಕೊಂಡದ್ದು ಜೋರು ಪೆಟ್ಟಿನ 7.62×51 (ಗುಂಡಿನ ಅಗಲ ಮತ್ತು ಕೊಳವೆಯ ಉದ್ದ, ಎಂಎಂನಲ್ಲಿ). ಹೆಚ್ಚು ವರ್ಷ ಕಳೆಯುವ ಮೊದಲೇ ಅದೇ ಅಮೆರಿಕ ವಿಯೆಟ್ನಾಮಿನಲ್ಲಿ ಸಣ್ಣ 5.56 ಎಂಎಂ ಗುಂಡಿಗೆ ಹಾರಿತು. ಒಂದು ತುದಿಯಿಂದ ಇನ್ನೊಂದು ತುದಿಗೆ. ನಡುವಿನದ್ದನ್ನು ಅವತ್ತೇ ಒಪ್ಪಿದ್ದರೆ ಮುಂದಿನ ಗೊಂದಲ ಅರ್ಧ ಕಡಿಮೆಯಾಗುತ್ತಿತ್ತು ಎಂಬುದು ನನ್ನ ಅನಿಸಿಕೆ.

5.56ರ ಲಾಭ ತೂಕದಲ್ಲಿ. ಒಂದು ಗುಂಡು ಸುಮಾರು 12 ಗ್ರಾಂ. 7.62×51 ಇದರ ಎರಡು ಪಟ್ಟು. 600 ಗುಂಡಿನ ಲೆಕ್ಕ ಹಾಕಿ: ಒಂದು ಕಡೆ 7 ಕೆಜಿ ಚಿಲ್ಲರೆ, ಇನ್ನೊಂದು ಕಡೆ 14 ಕೆಜಿ ಮೀರಿ. ಬೆಲ್ಜಿಯಂನ ಎಫ್‌ಎನ್ ಕಂಪನಿಯ ಮಿನಿಮಿ ಗನ್ ಗೆದ್ದದ್ದು ಇದೇ ಕಾರಣಕ್ಕೆ. ಆದರೆ ಸಣ್ಣ ಗುಂಡು ದೂರ ಹೋದಂತೆ ಸೋಲುತ್ತದೆ. ಹಾಗಾಗಿ ಎಫ್‌ಎನ್ ತುದಿಯೊಳಗೆ ಉಕ್ಕಿರುವ, ತುಸು ಭಾರದ ಎಸ್‌ಎಸ್ 109 ಗುಂಡು ತಯಾರಿಸಿತು. 1980ರಲ್ಲಿ ನೇಟೊ ಅದನ್ನೇ ಮಾನದಂಡ ಮಾಡಿತು. ಭಾರದ ಉದ್ದನೆ ಗುಂಡು ನೇರ ಹೋಗಲು ಜಾಸ್ತಿ ತಿರುಗಬೇಕು. ಅಮೆರಿಕದ ಹಳೆಯ ಎಂ 16 ರೈಫಲಿನ ನಳಿಗೆಯಲ್ಲಿ ಗುಂಡನ್ನು ತಿರುಗಿಸುವ ಸುರುಳಿ ಗೀರು 12 ಇಂಚಿಗೆ ಒಂದು ಸುತ್ತು ಇತ್ತು. ಅದರ ಮುಂದಿನ ರೂಪ ಎಂ 16ಎ2ರಲ್ಲಿ ಅದು 7 ಇಂಚಿಗೆ ಬಂತು. ಮೆಷಿನ್ ಗನ್ ದೂರ ಹೊಡೆಯಲಿ ಎಂದು ರೈಫಲಿನ ನಳಿಗೆಯೇ ಬದಲಾಯಿತು! ನಿಮ್ಮ ಲೇಖನದಲ್ಲಿ ಮಿನಿಮಿಯ ಫೋಟೊ ದೊಡ್ಡದಾಗಿತ್ತು, ಈ ಮಾತು ಒಂದು ಸಾಲೂ ಇರಲಿಲ್ಲ.

ರೈಫಲಿಗೂ ಎಲ್‌ಎಂಜಿಗೂ ಒಂದೇ ಗುಂಡು ಎಂಬುದನ್ನು ರಷ್ಯನ್ನರು ಸರಳ ಮಾಡಿಕೊಂಡರು. ಕಲಾಶ್ನಿಕೋವ್ (ಎಕೆ) ರೈಫಲಿನ ಉದ್ದ ನಳಿಗೆಯ ರೂಪವೇ ಆರ್‌ಪಿಕೆ. ಹತ್ತಿರದಲ್ಲಿರುವ, ಅದೇ ಗುಂಡಿನ ಯಾವ ಎಕೆಯ ಮ್ಯಾಗಜೀನ್ ಬೇಕಾದರೂ ಹೊಂದುತ್ತದೆ. ಆದರೆ ನಳಿಗೆ ಬಿಸಿಯಾದರೆ ಬಿಚ್ಚಿ ಬದಲಾಯಿಸಲು ಬರುವುದಿಲ್ಲ.

ಈಗ ಗಡಿಯಾರ ಹಿಂದಕ್ಕೆ, ದೊಡ್ಡ ಗುಂಡಿನ ಕಡೆಗೆ ತಿರುಗುತ್ತಿದೆ. ಭಾರತದ ಸೇನೆ ದೇಶೀ ಇನ್ಸಾಸ್ ಗನ್‌ಗಳಲ್ಲಿ 5.56ಕ್ಕೆ ಹೋಗಿ, 2020ರಲ್ಲಿ ಇಸ್ರೇಲಿನ 7.62ರ ನೆಗೆವ್ ಎಲ್‌ಎಂಜಿ 16,479 ಬೇಕೆಂದು ಒಪ್ಪಂದ ಮಾಡಿಕೊಂಡಿತು. ಅಮೆರಿಕ 2022ರಲ್ಲಿ 6.8×51ರ ರೈಫಲ್ ಮತ್ತು ಎಂ 250 ಗನ್ ಆರಿಸಿತು. ದೂರದ ಪೆಟ್ಟು, ದೇಹಕವಚ ಸೀಳುವ ಬಲ, ಎರಡೂ ಇದೆ ಎನ್ನುತ್ತಾರೆ. ಗನ್ನಂತೂ ಮಿನಿಮಿಯ ಅಮೆರಿಕನ್ ರೂಪವಾದ ಹಳೆಯ ಎಂ 249ಗಿಂತ ಹಗುರ. ಆದರೆ ರೈಫಲ್ ಹಿಡಿದ ಸೈನಿಕನ ಪಾಲು 210 ಗುಂಡಿನಿಂದ 140ಕ್ಕೆ ಇಳಿಯಿತು. ಮೇಲಾಗಿ ಇದು ಮುಂಚೂಣಿ ಪಡೆಗಳಿಗೆ ಮಾತ್ರ, ಉಳಿದವರ ಕೈಯಲ್ಲಿ 5.56ರ ಎಂ 4 ರೈಫಲ್ ಇದ್ದೇ ಇದೆ. ಸಾಗಣೆಯವರು ಇನ್ನು ಎರಡೆರಡು ಲೆಕ್ಕ ಇಡಬೇಕು. ಇದೇನು ದೊಡ್ಡ ಗೆಲುವು ಎಂದು ನನಗಂತೂ ಅನಿಸುವುದಿಲ್ಲ.

ಕೊನೆಗೆ ಒಂದು ತಿದ್ದುಪಡಿ. ಲೂಯಿಸ್ ಗನ್ ಬ್ರಿಟಿಷರ ಆವಿಷ್ಕಾರ ಎಂದು ಬರೆದಿದ್ದೀರಿ. ಐಸಾಕ್ ನ್ಯೂಟನ್ ಲೂಯಿಸ್ ಅಮೆರಿಕದ ಸೇನಾಧಿಕಾರಿ. ಸ್ಯಾಮ್ಯುಯೆಲ್ ಮೆಕ್ಲೀನ್ ಅವರ ವಿನ್ಯಾಸವನ್ನು ತಿದ್ದಿ 1911ರಲ್ಲಿ ಈ ಗನ್ ರೂಪಿಸಿದರು. ಸ್ವಂತ ಸೇನೆ ಆಸಕ್ತಿ ತೋರಲಿಲ್ಲ. ಬೆಲ್ಜಿಯಂಗೆ ಹೋದರು. ಬ್ರಿಟನ್ನಿನಲ್ಲಿ ಅದನ್ನು ರಾಶಿ ರಾಶಿ ತಯಾರಿಸಿದ್ದು ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿ. ಮುಂದಿನ ಕಂತಿನಲ್ಲಿ ಇಷ್ಟನ್ನು ಸರಿಪಡಿಸಿದರೆ ಸಾಕು.

ಇಂತಿ,
ನಿಮ್ಮ ಓದುಗ