ಪೆನಾಲ್ಟಿ ಕೊಟ್ಟ ಮೇಲಿನ ಹನ್ನೆರಡು ನಿಮಿಷ

ಪ್ರೀತಿಯ ಮಗಳೇ,

ಆಶೀರ್ವಾದಗಳು. ಮೊನ್ನೆಯ ಪಂದ್ಯದಲ್ಲಿ ನಿನ್ನ ಕಾಲು ತಾಗಿ ಎದುರಾಳಿ ಹುಡುಗಿ ಬಿದ್ದದ್ದು, ರೆಫರಿ ಪೆನಾಲ್ಟಿ ಕೊಟ್ಟದ್ದು, ಆ ಒಂದೇ ಗೋಲಿನಿಂದ ನಿಮ್ಮ ತಂಡ ಸೋತದ್ದು ಎಲ್ಲವೂ ನಿನ್ನ ಅಮ್ಮನಿಂದ ತಿಳಿಯಿತು. ಇನ್ನು ಡಿಫೆಂಡರ್ ಆಗಿ ಆಡುವುದೇ ಇಲ್ಲವೆಂದು ಹಟ ಹಿಡಿದಿದ್ದೀಯಂತೆ. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ತಡೆಯುತ್ತೀಯೆಂದು ಈ ಪತ್ರ ಬರೆಯುತ್ತಿದ್ದೇನೆ. ಹೇಳಬೇಕಾದದ್ದು ಇಟಲಿಯ ಫುಟ್‌ಬಾಲ್ ತಂಡದ ಡಿಫೆಂಡರ್ ಆಗಿದ್ದ ಮಾರ್ಕೊ ಮ್ಯಾಟೆರಾಜಿ ಅವರ ವಿಷಯ. ಫ್ರಾನ್ಸಿನ ಜಿದಾನ್ ತಲೆಯಿಂದ ಗುದ್ದಿದ್ದು ಅವರಿಗೇ ಅಲ್ಲವೇ ಎಂದು ನೀನು ಕೇಳುತ್ತೀಯೆ. ಹೌದು. ಆದರೆ ಅದೇ ಪಂದ್ಯದ ಏಳನೆಯ ನಿಮಿಷದ ಬಗ್ಗೆ ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ಅದು 2006ರ ಜುಲೈ 9, ಬರ್ಲಿನ್‌ನಲ್ಲಿ ನಡೆದ ವಿಶ್ವಕಪ್ ಫೈನಲ್. ನಮ್ಮಲ್ಲಿ ಆಗ ರಾತ್ರಿ ಹನ್ನೊಂದೂವರೆ ದಾಟಿತ್ತು. ಪೆನಾಲ್ಟಿ ಆವರಣದೊಳಗೆ ನುಗ್ಗಿದ ಫ್ರಾನ್ಸಿನ ಮಲೂದಾ ಅವರನ್ನು ತಡೆಯಹೋದ ಮ್ಯಾಟೆರಾಜಿ ಅವರಿಂದ ಫೌಲ್ ಆಯಿತೆಂದು ರೆಫರಿ ಸೀಟಿ ಊದಿದರು. ಜಿದಾನ್ ಚೆಂಡನ್ನು ಬಿರುಸಾಗಿ ಒದೆಯಲಿಲ್ಲ, ಮೆಲ್ಲನೆ ಮೇಲೆತ್ತಿದರು. ಅದು ಅಡ್ಡಪಟ್ಟಿಯ ಕೆಳಗೆ ಬಡಿದು, ಗೆರೆಯ ಒಳಗೆ ಬಿದ್ದು, ಮತ್ತೆ ಹೊರಕ್ಕೆ ಪುಟಿಯಿತು. ಜಗತ್ತಿನ ಅತಿ ದೊಡ್ಡ ಪಂದ್ಯದಲ್ಲಿ ಆಟ ಕುದುರುವ ಮೊದಲೇ ತನ್ನಿಂದ ತಂಡ ಹಿಂದೆ ಬಿದ್ದಾಗ ಒಬ್ಬ ಡಿಫೆಂಡರ್‌ಗೆ ಹೇಗಾಗಿರಬಹುದೆಂಬುದನ್ನು ನಿನಗಿಂತ ಚೆನ್ನಾಗಿ ನಾನು ಹೇಳಲಾರೆ. ಹನ್ನೆರಡು ನಿಮಿಷಗಳ ನಂತರ ಇಟಲಿಯ ಪಿರ್ಲೊ ಬಲಗಡೆಯಿಂದ ಕಾರ್ನರ್ ಕಿಕ್ ಒದೆದರು. ಅದೇ ಮ್ಯಾಟೆರಾಜಿ, ಫ್ರಾನ್ಸಿನ ವಿಯೆರಾ ಅವರಂಥ ಆಜಾನುಬಾಹುವಿಗಿಂತಲೂ ಎತ್ತರಕ್ಕೆ ಜಿಗಿದು, ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು.

ಅವರು ಆ ಟೂರ್ನಿಯಲ್ಲಿ ಮೊದಲ ಆಯ್ಕೆಯೇ ಆಗಿರಲಿಲ್ಲ. ಇನ್ನೊಬ್ಬ ಡಿಫೆಂಡರ್ ನೆಸ್ಟಾ ಗಾಯಗೊಂಡದ್ದರಿಂದ ಜೆಕ್ ಗಣರಾಜ್ಯದ ವಿರುದ್ಧ ಬದಲಿಯಾಗಿ ಇಳಿದು ಗೋಲು ಹೊಡೆದರು. ಮುಂದಿನ ಪಂದ್ಯದಲ್ಲಿ ಆಸ್ಟ್ರೇಲಿಯಾ ವಿರುದ್ಧ ಕೆಂಪು ಕಾರ್ಡ್ ಪಡೆದು ಹೊರನಡೆದರು. ಅವರ ಆಟವೆಂದರೆ ಮೊದಲಿನಿಂದಲೂ ಹೀಗೆಯೇ. ತಂದೆಯೇ ಕೋಚ್ ಆಗಿದ್ದರೂ ಮಾರ್ಸಾಲಾ, ತ್ರಾಪಾನಿ, ಕಾರ್ಪಿಯಂಥ ಸಣ್ಣ ತಂಡಗಳಲ್ಲಿ ಆಡಿಯೇ ಮೇಲೆ ಬಂದರು. ಇಂಗ್ಲೆಂಡಿನ ಎವರ್ಟನ್‌ನಲ್ಲಿ ಕಳೆದ ಒಂದೇ ಋತುವಿನಲ್ಲಿ ಹಲವು ಬಾರಿ ಕೆಂಪು ಕಾರ್ಡ್ ಕಂಡು ಇಟಲಿಗೆ ಮರಳಿದರು. 2000-01ರಲ್ಲಿ ಪೆರೂಜಾ ಪರವಾಗಿ 12 ಗೋಲು ಹೊಡೆದರು. ಅವುಗಳಲ್ಲಿ ಹಲವು ಪೆನಾಲ್ಟಿಗಳೇ ಆದರೂ, ಇಟಲಿಯ ಅಗ್ರ ಲೀಗ್‌ನಲ್ಲಿ ಡಿಫೆಂಡರ್ ಒಬ್ಬರು ಒಂದೇ ಋತುವಿನಲ್ಲಿ ಅಷ್ಟು ಗೋಲು ಹೊಡೆದದ್ದು ದಾಖಲೆಯಾಯಿತು. ಆಮೇಲಿನ ಹತ್ತು ವರ್ಷ ಇಂಟರ್ ಮಿಲಾನ್‌ನಲ್ಲಿ.

ಆ ಗುದ್ದಿಗೆ ಕಾರಣವಾದ, ಜಿದಾನ್ ಅವರ ಸಹೋದರಿಯ ಬಗ್ಗೆ ಮ್ಯಾಟೆರಾಜಿ ಆಡಿದ ಮಾತನ್ನು ನಾನು ಸಮರ್ಥಿಸಲಾರೆ. ಆ ಮಾತಿಗಾಗಿ ಫಿಫಾ ಅವರಿಗೆ ಎರಡು ಪಂದ್ಯಗಳ ನಿಷೇಧ ಹಾಕಿದ್ದು ಸರಿಯಾಗಿಯೇ ಇತ್ತು. ಆದರೆ ಆ ರಾತ್ರಿ ಪೆನಾಲ್ಟಿ ಶೂಟೌಟ್ ಬಂದಾಗ ಇಟಲಿಯ ಪರವಾಗಿ ಎರಡನೆಯವರಾಗಿ ಚೆಂಡಿನ ಮುಂದೆ ನಿಂತು ಗೋಲು ಹೊಡೆದವರೂ ಅವರೇ. ನಮ್ಮ ಮನೆಯ ಟಿವಿಯ ಮುಂದೆ ನಾನು ಕಣ್ಣು ಮುಚ್ಚಿಕೊಂಡಿದ್ದೆ.

2014ರಲ್ಲಿ ಅವರು ನಮ್ಮ ದೇಶದ ಇಂಡಿಯನ್ ಸೂಪರ್ ಲೀಗ್‌ನ ಚೆನ್ನೈಯಿನ್ ತಂಡಕ್ಕೆ ಆಟಗಾರ ಮತ್ತು ಕೋಚ್ ಎರಡೂ ಆಗಿ ಬಂದರು. ಮೊದಲ ವರ್ಷ ಲೀಗ್‌ನಲ್ಲಿ ಅಗ್ರಸ್ಥಾನ ಪಡೆದ ತಂಡ ಸೆಮಿಫೈನಲ್‌ನಲ್ಲಿ ಕೇರಳಕ್ಕೆ ಹೆಚ್ಚುವರಿ ಸಮಯದಲ್ಲಿ ಸೋತಿತು. ಮರುವರ್ಷ ಅವರು ಬರೀ ಕೋಚ್. ಆ ಸಲ ಪಟ್ಟಿಯ ತಳ ಮುಟ್ಟಿದ್ದ ತಂಡ ಕೊನೆಯ ಹಂತದಲ್ಲಿ ಸತತವಾಗಿ ಗೆದ್ದು ಸೆಮಿಫೈನಲ್ ತಲುಪಿತು. ಅಷ್ಟರಲ್ಲಿ ಚೆನ್ನೈ ನಗರವೇ ನೆರೆಯಲ್ಲಿ ಮುಳುಗಿದ್ದರಿಂದ, ತವರಿನ ಪಂದ್ಯವನ್ನು ಪುಣೆಯಲ್ಲಿ ಆಡಬೇಕಾಯಿತು. ಅಲ್ಲಿ ಕೋಲ್ಕತ್ತವನ್ನು 3-0ರಿಂದ ಮಣಿಸಿದರು.

ಡಿಸೆಂಬರ್ 20ರ ಫೈನಲ್ ಗೋವಾ ತಂಡದ ವಿರುದ್ಧ, ಮಡಗಾಂವಿನ ಫತೋರ್ಡಾದಲ್ಲಿ. ಆಗ ಎರಡನೆಯ ತರಗತಿಯಲ್ಲಿದ್ದ ನಿನ್ನನ್ನು ಕಾರವಾರದಿಂದ ರೈಲಿನಲ್ಲಿ ಮಡಗಾಂವಿಗೆ ಕರೆದೊಯ್ದದ್ದು ನೆನಪಿದೆಯೇ? 87ನೆಯ ನಿಮಿಷದಲ್ಲಿ ಗೋವಾ 2-1ರಿಂದ ಮುಂದಾದಾಗ ಎದ್ದ ಕೂಗಿಗೆ ಬೆದರಿ ನೀನು ನನ್ನ ಅಂಗಿಯ ತೋಳು ಹಿಡಿದುಕೊಂಡೆ. ಮೂರೇ ನಿಮಿಷದಲ್ಲಿ ಗೋವಾದ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ ಅವರಿಂದ ಚೆಂಡು ತಮ್ಮದೇ ಬಲೆಗೆ ಸೇರಿ ಸ್ವಂತ ಗೋಲು ಆಯಿತು. ಅದರ ಬೆನ್ನಿಗೇ ಮೆಂಡೋಜಾ ಹೊಡೆದ ಗೋಲಿನಿಂದ ಕಪ್ ಚೆನ್ನೈ ಪಾಲಾಯಿತು. ತುಂಬಿದ ಕ್ರೀಡಾಂಗಣ ಮೌನವಾಯಿತು. ನಮ್ಮ ಕಡೆಯ ಹೆಸರಿನ ಆ ಹುಡುಗನನ್ನು ನೆನೆದು ಮರಳುವ ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ.

ಮುಂದಿನ ವರ್ಷ ಚೆನ್ನೈಯಿನ್ ಏಳನೆಯ ಸ್ಥಾನಕ್ಕೆ ಕುಸಿಯಿತು, ಮ್ಯಾಟೆರಾಜಿ ತಂಡ ಬಿಟ್ಟರು. ಕಟ್ಟಿಮನಿ ಆಡುತ್ತಲೇ ಇದ್ದರು. 2022ರ ಮಾರ್ಚ್ 20ರಂದು ಅದೇ ಫತೋರ್ಡಾದಲ್ಲಿ ಮತ್ತೊಂದು ಫೈನಲ್. ಈ ಬಾರಿ ಅವರು ಹೈದರಾಬಾದ್ ತಂಡದ ಗೋಲ್‌ಕೀಪರ್. ಶೂಟೌಟ್‌ನಲ್ಲಿ ಕೇರಳದ ಮೂರು ಪೆನಾಲ್ಟಿಗಳನ್ನು ತಡೆದು ಕಪ್ ಗೆಲ್ಲಿಸಿಕೊಟ್ಟರು.

ಭಾನುವಾರದ ಪಂದ್ಯಕ್ಕೆ ನಾನೂ ಬರುತ್ತೇನೆ. ನಿನ್ನ ಹಳೆಯ ಬೂಟಿನ ಅಡಿ ಕಿತ್ತಿತ್ತಲ್ಲ, ಹೊಲಿಸಿಟ್ಟಿದ್ದೇನೆ, ತರುತ್ತೇನೆ.

ಇಂತು ನಿನ್ನ
ಅಪ್ಪ