ಆ ಪಟ್ಟಿಯಲ್ಲಿ ಅರ್ಧ ಹೊಡೆದುಹಾಕು

ಪ್ರೀತಿಯ ಪುಟ್ಟಿಗೆ,

ನಿನ್ನ ಮೆಸೇಜ್ ಓದಿದೆ. ನಿಮ್ಮ ಐವರ ಗುಂಪು ಒಂದು ವರ್ಷದ ಹೊಣೆ ಹೊತ್ತು ಸ್ಪಾನ್ಸರ್ ಮಾಡಿದ ನಿರಾಶ್ರಿತ ಕುಟುಂಬ ನಾಲ್ಕು ವರ್ಷ ಕಾದು ಕೊನೆಗೂ ಟೊರಾಂಟೊಗೆ ಬರುತ್ತಿದೆಯಂತೆ. ಖುಷಿಯಾಯ್ತು. ಅವರ ಬಾಡಿಗೆ ಮನೆಗೆ ಏನೇನು ತುಂಬಿಸಬೇಕು ಅಂತ ನೀನು ಕಳಿಸಿದ ಪಟ್ಟಿ ನೋಡಿ ಮಾತ್ರ ನಗು ಬಂತು. 2016ರಲ್ಲಿ ನಾನೂ ಇಂಥದ್ದೇ ಪಟ್ಟಿ ಮಾಡಿದ್ದೆ.

ಆಗ ಸಿರಿಯಾದವರು ಬರುತ್ತಿದ್ದರು. ಆ ಫೆಬ್ರವರಿ ಮುಗಿಯುವುದರೊಳಗೆ ಕೆನಡಾ 25,000 ಜನರನ್ನು ಕರೆಸಿಕೊಂಡಿತ್ತು. ನಮ್ಮ ಪಾಲಿಗೆ ಬಂದದ್ದು ಹೋಮ್ಸ್‌ನ ಒಂದು ಸಂಸಾರ. ಜೋರ್ಡಾನಿನ ಝಾತರಿ ನಿರಾಶ್ರಿತರ ಶಿಬಿರದಲ್ಲಿ ಮೂರು ವರ್ಷ ಕಳೆದವರು. ನಾನು ಎರಡು ದಿನ ಕೂತು ಅವರ ಅಡುಗೆಮನೆ ಜೋಡಿಸಿದ್ದೆ. ಲೋಟ ಇಲ್ಲಿ, ತಟ್ಟೆ ಅಲ್ಲಿ, ಡಬ್ಬಗಳಿಗೆ ಚೀಟಿ ಬೇರೆ. ವಾರ ಬಿಟ್ಟು ಹೋದರೆ ಎಲ್ಲ ಅದಲುಬದಲು. ಆ ಮನೆಯಾಕೆ ಒಂದು ಚಮಚವನ್ನೂ ನಾನಿಟ್ಟ ಜಾಗದಲ್ಲಿ ಬಿಟ್ಟಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಸಿಟ್ಟೇ ಬಂತು. ಎಷ್ಟೋ ತಿಂಗಳಾದ ಮೇಲೆ, ಸ್ವಲ್ಪ ಇಂಗ್ಲಿಷ್ ಬಂದಾಗ, ಆಕೆಯೇ ಹೇಳಿದಳು. ಶಿಬಿರದಲ್ಲಿ ಕಂಬಳಿಯಿಂದ ಹಿಡಿದು ಬ್ರೆಡ್ಡಿನವರೆಗೆ ಎಲ್ಲ ಯಾರೋ ಕೊಟ್ಟದ್ದು, ಅವರು ಹೇಳಿದ ಹೊತ್ತಿಗೆ. ಇಲ್ಲಿ ಬಂದ ಮೇಲೆ ತನ್ನ ಕೈಯಾರೆ ಮಾಡಿದ ಮೊದಲ ತೀರ್ಮಾನ ಆ ಕಪಾಟಿನದಂತೆ.

ಅದಕ್ಕೇ ಹೇಳುತ್ತೇನೆ, ಪಟ್ಟಿಯಲ್ಲಿ ಅರ್ಧ ಹೊಡೆದುಹಾಕು. ಹಾಸಿಗೆ, ಹೊದಿಕೆ, ಎರಡು ದಿನಕ್ಕಾಗುವಷ್ಟು ದಿನಸಿ ಇದ್ದರೆ ಸಾಕು. ಉಳಿದ ದುಡ್ಡು ಅವರ ಕೈಗೆ ಕೊಡಿ. ಮೊದಲು ಟೀವಿ ತಗೊಂಡರೂ ತಗೊಳ್ಳಲಿ, ಲೆಕ್ಕ ಕೇಳಬೇಡಿ.

ಕಾಗದಪತ್ರದಲ್ಲಿ ಮಾತ್ರ ಸಡಿಲ ಬಿಡಬೇಡ. ಸಿನ್ ನಂಬರ್ (ಕೆಲಸಕ್ಕೂ ಸರ್ಕಾರಿ ಸವಲತ್ತಿಗೂ ಬೇಕಾದ ಗುರುತಿನ ಸಂಖ್ಯೆ), ಹೆಲ್ತ್ ಕಾರ್ಡ್, ಮಕ್ಕಳ ಭತ್ಯೆಯ ಅರ್ಜಿ ಮೊದಲ ವಾರಗಳಲ್ಲೇ ಆಗಲಿ. ಹೆಂಡತಿಯೋ ಗಂಡನೋ ಮಕ್ಕಳೋ ಹಿಂದೆ ಉಳಿದಿದ್ದಾರಾ ಅಂತ ಮೆಲ್ಲಗೆ ಕೇಳು. ಹೊರಡುವ ಮೊದಲೇ ಅವರ ಹೆಸರು ತಿಳಿಸಿದ್ದರೆ, ಇಳಿದ ಒಂದು ವರ್ಷದೊಳಗೆ ಕರೆಸಿಕೊಳ್ಳಲು ಅರ್ಜಿ ಹಾಕಬಹುದು. ಆ ಗಡುವು ತಪ್ಪಿದರೆ ಆಮೇಲೆ ಬಹಳ ಒದ್ದಾಟ. ಮನೆಮಂದಿಯ ಹುಟ್ಟಿದ ದಿನವೆಲ್ಲ ಜನವರಿ 1 ಅಂತಿದ್ದರೆ ಆಶ್ಚರ್ಯ ಪಡಬೇಡ. ಸರಿಯಾದ ತಾರೀಖು ಗೊತ್ತಿಲ್ಲದವರಿಗೆ ಹಾಗೆ ಬರೆದುಕೊಳ್ಳುತ್ತಾರೆ. ಆಮೇಲೆ ಬಂದ ಒಂದು ಸೊಮಾಲಿ ಮನೆಗೆ ಹೊಸ ವರ್ಷದ ದಿನ ಕೇಕ್ ಒಯ್ದು ನಾನು ಪೆಚ್ಚಾದದ್ದುಂಟು.

ಮಕ್ಕಳು ಕೆಲವೇ ತಿಂಗಳಲ್ಲಿ ಅರಳು ಹುರಿದಂತೆ ಇಂಗ್ಲಿಷ್ ಮಾತಾಡುತ್ತಾರೆ. ಡಾಕ್ಟರ ಹತ್ತಿರ ಮಗನೇ ಹೇಳಲಿ ಅಂತ ಆಸೆಯಾಗುತ್ತದೆ. ಬೇಡ ಪುಟ್ಟಿ. ಒಂಬತ್ತು ವರ್ಷದ ಹುಡುಗ ತನ್ನ ಅಮ್ಮನಿಗೆ ಗರ್ಭ ಹೋದ ವಿಷಯ ಡಾಕ್ಟರಿಗೆ ಹೇಳುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಹುಡುಗ ನೆಲ ನೋಡುತ್ತಿದ್ದ, ಅಮ್ಮ ಗೋಡೆ ನೋಡುತ್ತಿದ್ದಳು. ದುಭಾಷಿ ಬೇಕು ಅಂತ ಮೊದಲೇ ಫೋನ್ ಮಾಡಿ ಕೇಳು.

ಆ ಮನೆಯ ಗಂಡ ಲಿಂಕ್ ಕ್ಲಾಸ್, ಅಂದರೆ ಹೊಸದಾಗಿ ಬಂದವರಿಗೆ ಸರ್ಕಾರ ನಡೆಸುವ ಭಾಷಾ ತರಗತಿ, ಬಿಟ್ಟು ಗೋದಾಮಿನ ಕೆಲಸಕ್ಕೆ ಹೋಗುತ್ತೇನೆ ಅಂದರೆ, ಭಾಷೆ ಮೊದಲು ಕಲಿ ಅಂತ ಉಪದೇಶ ಮಾಡಬೇಡ. ನಾವು ಕರೆಸಿಕೊಂಡ ಹೋಮ್ಸ್‌ನ ಸಂಸಾರದ ಗಂಡ ಊರಲ್ಲಿ ಫಾರ್ಮಸಿಸ್ಟ್ ಆಗಿದ್ದವರು, ಇಲ್ಲಿ ಲೈಸೆನ್ಸ್‌ಗೆ ಮತ್ತೆ ಪರೀಕ್ಷೆ ಬರೆಯಬೇಕಿತ್ತು. ಆದರೆ ರಾತ್ರಿ ಮೂರಕ್ಕೆ ಜೋರ್ಡಾನಿನಿಂದ ಅವರ ಅಮ್ಮನ ಫೋನ್ ಬರುತ್ತಿತ್ತು, ಔಷಧಿಗೆ ದುಡ್ಡಿಲ್ಲ ಅಂತ. ಪರೀಕ್ಷೆ ಕಾಯುತ್ತದೆ, ಅದು ಕಾಯುವುದಿಲ್ಲ ಅಲ್ವಾ?

ನಮ್ಮ ಸ್ಪಾನ್ಸರ್‌ಗಳು 'ಹದಿಮೂರನೇ ತಿಂಗಳು' ಅನ್ನುವ ಮಾತು ಆಡುವುದನ್ನು ನೀನೂ ಕೇಳಿರಬಹುದು. ಹನ್ನೆರಡು ತಿಂಗಳಿಗೆ ನಿಮ್ಮ ಹೊಣೆ ಮುಗಿಯುತ್ತದೆ. ವಿಮಾನದ ಟಿಕೆಟ್‌ಗೆ ಸರ್ಕಾರ ಸಾಲ ಕೊಟ್ಟಿದ್ದರೆ ಅದರ ಕಂತು ಶುರುವಾಗುವುದೂ ಆಗಲೇ. ಬಡ್ಡಿ 2018ರಲ್ಲಿ ಹೋಯಿತು, ಅಸಲು ಹೋಗಿಲ್ಲ. ಆರನೇ ತಿಂಗಳಿಂದಲೇ ಈ ಮಾತು ಎತ್ತು.

ಸಭೆ ಕರೆದು ಅವರಿಂದ ಯುದ್ಧದ ಕಥೆ ಹೇಳಿಸಬೇಡಿ. ನಾವು ಆ ಹೋಮ್ಸ್‌ನ ಹೆಂಗಸಿನಿಂದ ಹೇಳಿಸಿದೆವು. ಚಪ್ಪಾಳೆ ಜೋರಾಗಿ ಬಿತ್ತು, ಆಕೆ ಎರಡು ವಾರ ನನ್ನ ಫೋನ್ ಎತ್ತಲಿಲ್ಲ.

ಹಾಂ, ಪಟ್ಟಿಯಲ್ಲಿ ಐದು ಜೊತೆ ಹಿಮದ ಬೂಟು ಬರೆದಿದ್ದೀಯ. ಅಳತೆ ನಿನಗೆ ಹೇಗೆ ಗೊತ್ತಾಯ್ತು? ಅವರು ಬಂದ ಮೇಲೆ ಅಂಗಡಿಗೆ ಕರೆದುಕೊಂಡು ಹೋಗು. ಬಣ್ಣ ಆರಿಸಲು ಮಕ್ಕಳು ಒಂದು ಗಂಟೆ ತಗೊಂಡರೂ ಸುಮ್ನೆ ಕೂತಿರು.

ನಿನ್ನ
ದೊಡ್ಡಮ್ಮ