ಜೇನು ಸಂಶೋಧನೆಗೆ ಜೇನು ಸಾಕುವವರನ್ನೇ ತಗೊಳ್ಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಇತ್ತೀಚೆಗೆ ವಿಶ್ವವಿದ್ಯಾಲಯವೊಂದರ ಜೇನು ಸಂಶೋಧನಾ ಯೋಜನೆಗೆ ಫೀಲ್ಡ್ ಅಸಿಸ್ಟೆಂಟ್ ಬೇಕು ಅಂತ ಜಾಹೀರಾತು ಬಂದಿತ್ತು. ಕೆಲಸ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಪೆಟ್ಟಿಗೆಗಳನ್ನು ನೋಡಿಕೊಳ್ಳುವುದು, ಕುಟುಂಬ (ಒಂದು ಪೆಟ್ಟಿಗೆಯ ನೊಣಗಳೆಲ್ಲ ಸೇರಿ ಒಂದು ಕುಟುಂಬ) ಪಾಲು ಮಾಡುವುದು, ಲೆಕ್ಕ ಬರೆದಿಡುವುದು. ಕೇಳಿದ್ದು ಮಾತ್ರ ಕೃಷಿ ಪದವಿ ಮತ್ತು ಕಂಪ್ಯೂಟರ್ ಜ್ಞಾನ. ಜೇನು ಸಾಕಿದ ಅನುಭವ ಇದ್ದರೆ ಆದ್ಯತೆ ಅಂತ ಕೊನೆಯ ಸಾಲಿನಲ್ಲಿತ್ತು. ನಮ್ಮೂರಲ್ಲೊಬ್ಬ ಹುಡುಗ ಇದ್ದಾನೆ, ಪಿಯುಸಿವರೆಗೆ ಓದಿದ್ದಾನೆ, ಚಿಕ್ಕಂದಿನಿಂದ ಅಪ್ಪನ ಜೊತೆ ಪೆಟ್ಟಿಗೆ ತೆರೆದು ಬೆಳೆದವನು. ಅವನಿಗೆ ಅರ್ಜಿ ಹಾಕಲೂ ಅವಕಾಶ ಇರಲಿಲ್ಲ. ಇದು ನನಗೆ ಸರಿ ಕಾಣಲಿಲ್ಲ.

ತುಡುವೆ ಸಾಕಿದವರಿಗೆ ಗೊತ್ತು, ಅದು ಬಹಳ ಸೂಕ್ಷ್ಮ. ದಿನಾ ಮುಚ್ಚಳ ತೆಗೆದು ನೋಡಿದರೆ, ಹೊಗೆ ಜಾಸ್ತಿ ಹಾಕಿದರೆ, ಆಹಾರ ಕಡಿಮೆಯಾದರೆ ಇಡೀ ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ಹಾರಿಹೋದರೆ ಸಂಶೋಧನೆಯ ಲೆಕ್ಕವೂ ಹೋಯಿತು. ಎರಿಯ (ನೊಣಗಳು ಮೇಣದಿಂದ ಕಟ್ಟುವ ಹಲಗೆ) ಕಣದಲ್ಲಿ ಮೊಟ್ಟೆ ನೆಟ್ಟಗೆ ನಿಂತಿದ್ದರೆ ಇವತ್ತಿನದು, ಅಡ್ಡ ಮಲಗಿದ್ದರೆ ಮೂರನೇ ದಿನದ್ದು, ಹಾಗಾಗಿ ರಾಣಿ ಕಣ್ಣಿಗೆ ಬೀಳದಿದ್ದರೂ ಅವಳು ಇದ್ದಾಳೋ ಇಲ್ಲವೋ ಅಂತ ಅನುಭವಸ್ಥರು ಎರಿ ನೋಡಿಯೇ ಹೇಳುತ್ತಾರೆ. ನೊಣಗಳು ಹೊಸ ರಾಣಿ ಬೆಳೆಸುವ ಕಣ ಕಟ್ಟಲು ಶುರು ಮಾಡಿದ್ದನ್ನು ಒಂದು ವಾರ ಗಮನಿಸದಿದ್ದರೆ ಹಳೇ ರಾಣಿ ಅರ್ಧ ನೊಣಗಳನ್ನು ಕರೆದುಕೊಂಡು ಹೊರಟಿರುತ್ತಾಳೆ. ಇದನ್ನೆಲ್ಲ ಪುಸ್ತಕದಲ್ಲಿ ಓದಬಹುದು, ಒಪ್ಪುತ್ತೇನೆ. ಆದರೆ ಮೋಡ ಕವಿದ ದಿನ, ನೊಣ ಸಿಟ್ಟಾಗಿರುವಾಗ, ಎರಿ ಕೈಯಲ್ಲಿ ಹಿಡಿದು ನಿರ್ಧಾರ ಮಾಡುವುದು ಬೇರೆ.

ಜೇನಿನ ವಿಜ್ಞಾನ ಬೆಳೆದದ್ದೇ ಇಂಥ ಕೈಗಳಿಂದ. ಸ್ವಿಟ್ಜರ್ಲೆಂಡಿನ ಫ್ರಾನ್ಸ್ವಾ ಹ್ಯೂಬರ್ ದೊಡ್ಡ ಜೇನು ವಿಜ್ಞಾನಿ, ರಾಣಿ ಹೊರಗೆ ಹಾರುವಾಗ ಗಂಡು ನೊಣದ ಜೊತೆ ಕೂಡುತ್ತಾಳೆ ಅಂತ ತೋರಿಸಿದವರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ! ಪೆಟ್ಟಿಗೆ ತೆರೆದು ನೋಡಿ ಹೇಳುತ್ತಿದ್ದವರು ಫ್ರಾನ್ಸ್ವಾ ಬರ್ನೆನ್ಸ್, ಅವರ ಮನೆಯ ಕೆಲಸದಾಳು. ಕೆಲಸಗಾರ ನೊಣಗಳೂ ಮೊಟ್ಟೆ ಇಡುತ್ತವೆಯೇ ಅಂತ ತಿಳಿಯಲು ಎರಡು ಗೂಡಿನ ಪ್ರತಿಯೊಂದು ನೊಣವನ್ನೂ ಒಂದೊಂದಾಗಿ ಹಿಡಿದು 11 ದಿನ ಪರೀಕ್ಷೆ ಮಾಡಿದರು ಆ ಮನುಷ್ಯ. ಯಾವ ಡಿಗ್ರಿ ಇತ್ತು ಅವರಿಗೆ?

ನಮ್ಮಲ್ಲಿ ಇದು ಇನ್ನೂ ಮುಖ್ಯ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಾಶವಾದವು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದಲ್ಲಿ ಎಷ್ಟೋ ಮನೆಗಳ ಪೆಟ್ಟಿಗೆಗಳು ಖಾಲಿಯಾಗಿ ಅಟ್ಟ ಸೇರಿದವು. ಮರಿ ಹುಳ ಬಲಿಯುವ ಮೊದಲೇ ಸತ್ತು ನೀರು ತುಂಬಿದ ಚೀಲವಾಗುತ್ತದೆ. ಇದಕ್ಕೆ ಔಷಧ ಇಲ್ಲ. ರೋಗ ತಡೆದುಕೊಂಡ ಕುಟುಂಬಗಳನ್ನು ಗುರುತಿಸಿ ಅವುಗಳಿಂದ ಹೊಸ ರಾಣಿ ಬೆಳೆಸುತ್ತಾ ಹೋಗಬೇಕು, ವರ್ಷ ವರ್ಷವೂ. ಯಾವ ಪೆಟ್ಟಿಗೆಗೆ ರೋಗ ಬಂದು ತಾನಾಗಿ ವಾಸಿಯಾಯಿತು, ಯಾವುದು ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಟ್ಟರೂ ಸೊರಗಿತು ಅನ್ನೋದನ್ನ ಒಬ್ಬರೇ ಸತತವಾಗಿ ನೋಡಿದರೆ ಮಾತ್ರ ಆ ಆಯ್ಕೆ ಸಾಧ್ಯ. ಒಂದು ವರ್ಷದ ಗುತ್ತಿಗೆಗೆ ಬಂದವರು ಪೆಟ್ಟಿಗೆಗಳ ಗುಣ ಅರ್ಥವಾಗುವಷ್ಟರಲ್ಲಿ ಬೇರೆ ಕೆಲಸ ಹುಡುಕಿಕೊಂಡು ಹೋಗಿರುತ್ತಾರೆ. ಅವರ ತಪ್ಪಲ್ಲ, ಹೊಟ್ಟೆಪಾಡು. ಹುದ್ದೆಯನ್ನೇ ಕನಿಷ್ಠ ಮೂರು ವರ್ಷಕ್ಕೆ ಮಾಡಬೇಕು.

ಪದವೀಧರರು ಬೇಡ ಅಂತ ನಾನು ಹೇಳ್ತಾ ಇಲ್ಲ. ಲ್ಯಾಬಿನಲ್ಲಿ ವೈರಸ್ ಪರೀಕ್ಷೆ ಮಾಡಲು ಅವರೇ ಬೇಕು. ಆದರೆ ಪೆಟ್ಟಿಗೆಯ ಹತ್ತಿರದ ಹುದ್ದೆಗೆ ಎಸ್ಸೆಸ್ಸೆಲ್ಸಿ ಮತ್ತು ಐದಾರು ವರ್ಷ ತುಡುವೆ ಸಾಕಿದ ಅನುಭವ ಸಾಕು ಅಂತ, ವಿಶ್ವವಿದ್ಯಾಲಯದವರೇ, ಜಾಹೀರಾತಿನಲ್ಲಿ ಬರೆಯಿರಿ. ಅನುಭವಕ್ಕೆ ಸರ್ಟಿಫಿಕೇಟ್ ಎಲ್ಲಿಂದ ತರೋದು ಅಂತ ಕೇಳಬಹುದು. ತರೋದು ಬೇಡ. ಸಂದರ್ಶನವನ್ನೇ ಪೆಟ್ಟಿಗೆಗಳ ಹತ್ತಿರ ಮಾಡಿ. ನಾಲ್ಕು ಕುಟುಂಬ ತೆರೆಯಲು ಹೇಳಿ: ಒಂದು ಗಟ್ಟಿಯಾದದ್ದು, ಒಂದು ರಾಣಿ ಇಲ್ಲದ್ದು, ಒಂದು ಎರಿ ತಿನ್ನುವ ಮೇಣದ ಹುಳ ಬಿದ್ದದ್ದು, ಒಂದು ಪಾಲಾಗಲು ತಯಾರಾಗಿರುವುದು. ಯಾವುದಕ್ಕೆ ಏನಾಗಿದೆ, ಏನು ಮಾಡಬೇಕು ಅಂತ ಅಲ್ಲೇ ಕೇಳಿ. ಕೈ ನಡುಗುತ್ತದೋ, ಎರಿಯನ್ನು ವಾಪಸ್ ಹೇಗೆ ಇಡುತ್ತಾರೆ, ನೊಣ ಎಷ್ಟು ಸಾಯುತ್ತವೆ, ಎಲ್ಲ ಗೊತ್ತಾಗುತ್ತದೆ. ಒಂದು ಗಂಟೆ ಸಾಕು. ಆಮೇಲೆ ನೋಡಿದ್ದನ್ನು ಕನ್ನಡದಲ್ಲೇ ಅರ್ಧ ಪುಟ ಬರೆಸಿ. ಕಂಪ್ಯೂಟರಿಗೆ ಹಾಕುವುದನ್ನು ಎರಡು ವಾರದಲ್ಲಿ ಕಲಿಸಬಹುದು, ಅಲ್ವಾ?

ಇನ್ನೊಂದು ಕೋರಿಕೆ. ಈ ಸಂದರ್ಶನ ಮಳೆಗಾಲದಲ್ಲಿ ಬೇಡ, ಆಗ ಪೆಟ್ಟಿಗೆ ತೆರೆಯುವುದೇ ತಪ್ಪು. ಕುಟುಂಬಗಳು ಪಾಲಾಗುವ ಡಿಸೆಂಬರ್-ಜನವರಿ ಒಳ್ಳೆಯದು. ಜಾಹೀರಾತನ್ನು ವೆಬ್‌ಸೈಟಿನ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಹಾಕಿ ಸುಮ್ನೆ ಕೂರಬೇಡಿ. ಪುತ್ತೂರು, ವಿರಾಜಪೇಟೆಯ ಜೇನು ಸಹಕಾರ ಸಂಘಗಳ ಬೋರ್ಡಿಗೆ ಕನ್ನಡದಲ್ಲಿ ಅಂಟಿಸಿ, ಈ ಪತ್ರಿಕೆಯ ಕೃಷಿ ಪುಟಕ್ಕೂ ಕಳಿಸಿ.

– ಒಬ್ಬ ಜೇನು ಕೃಷಿಕ, ಪುತ್ತೂರು ತಾಲ್ಲೂಕು